ಖಂಡೇಪೂಜೆಗೆ ತೊಳೆದ ಕೀಬೋರ್ಡುಗಳು

ಸಿಂಧನೂರಿನ ಒಂದು ಗೊಬ್ಬರದಂಗಡಿಯ ಮಹಡಿಯಲ್ಲಿ ಆತ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಕ್ಲಾಸು ಬರೀ ನೆಪ. ಕೆಳಗೆ ಅಣ್ಣಂದಿರು ಯೂರಿಯಾ ಮಾರುತ್ತಿದ್ದರೆ ಮೇಲೆ ಈತ ಹಳೆಯ ಕೀಬೋರ್ಡುಗಳನ್ನು ಕೂಡಿಹಾಕುತ್ತಿದ್ದ. ಅದು ತೊಂಬತ್ತರ ದಶಕದ ಕೊನೆ. ನಾನು ಮಸ್ಕಿಯವನು. ಲಿಂಗಸುಗೂರಿನ ಕಾಲೇಜಿನಲ್ಲಿ ಓದುತ್ತ, ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯನ್ನು ಕೆಡವುವುದೇ ಬದುಕು ಎಂದುಕೊಂಡಿದ್ದೆ. ಕಂಪ್ಯೂಟರ್ ಕಲಿಯಲು ರವಿವಾರ ಬಸ್ಸು ಹತ್ತಿ ಸಿಂಧನೂರಿಗೆ ಬರುತ್ತಿದ್ದವನು, ಮೊದಲ ದಿನವೇ ವಾದಕ್ಕಿಳಿದೆ.

"ಯಾರಿಗೂ ಬ್ಯಾಡಾದದ್ದನ್ನ ಕೂಡಿಡೋದಕ್ಕೂ ಮೂರ್ತಿಪೂಜಿಗೂ ಏನ್ರೀ ಸರ್ ಫರಕು?"

"ನಿನ್ನ ಮೂರ್ತಿಗೆ ಒತ್ತಿದ್ರ ಮಾತಾಡತೈತೇನು? ಇದು ಮಾತಾಡತೈತಿ. ಕಣ್ಣು ಮುಚ್ಚಲೇ, ಭಾಷಣಗಾರ. ಒತ್ತು."

ಒತ್ತಿದೆ. ಒಂದರ ಕೀಲಿಯ ಕೆಳಗೆ ಸ್ಪ್ರಿಂಗು ಬಾಗಿ 'ಟಕ್' ಎಂದಿತು. ಇನ್ನೊಂದು ಸ್ಪಂಜಿನ ಮೇಲೆ ಕುಳಿತಂತೆ ಮೆತ್ತಗೆ ಇಳಿಯಿತು. ಮುರಿದ ಕೀಲಿಯೊಂದನ್ನು ತೋರಿಸಿದ: ಅಕ್ಷರ ಮೇಲೆ ಅಚ್ಚೊತ್ತಿದ್ದಲ್ಲ, ಬೇರೆ ಬಣ್ಣದ ಪ್ಲಾಸ್ಟಿಕ್ಕಾಗಿ ತಳದವರೆಗೂ ಇಳಿದಿತ್ತು. ಯಾವ ಕೀಲಿ ಹೊಳಪೇರಿದೆ ಎಂಬುದನ್ನು ನೋಡಿಯೇ ಅದು ಯಾವ ಥರದ ಕಚೇರಿಯಿಂದ ಗುಜರಿಗೆ ಬಂತು ಎಂದು ಹೇಳುತ್ತಿದ್ದ. ಹೈದರಾಬಾದಿನ ಗುಜರಿ ಬಜಾರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದಕ್ಕೆಲ್ಲ ತಾನೇ ವೈರು ಕೂಡಿಸಿ, ತನ್ನ ಒಂದೇ ಮಷೀನಿಗೆ ಹೊಂದುವಂತೆ ಮಾಡಿದ್ದ. ಎಲ್ಲವೂ ಜೀವಂತ ಇರಬೇಕು ಎಂಬುದೇ ಆತನ ಹಟ. ಆ ಸೊಕ್ಕು ನನಗೆ ಹಿಡಿಸಿತು. ಪುರಾವೆ ಕೇಳಿದರೆ ಪುರಾವೆ ಕೊಡುವ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನಮ್ಮ ಕಡೆ ಮಹಾನವಮಿಗೆ ಖಂಡೇಪೂಜೆ. ಅಂದು ದುಡಿಮೆಯ ಸಾಮಾನೆಲ್ಲ ತೊಳೆದು, ಇಬತ್ತಿ, ಎಂದರೆ ವಿಭೂತಿ, ಬಳಿದು, ಕಾಯಿ ಒಡೆಯುತ್ತಾರೆ. ಅಂಗಡಿಯ ತಕ್ಕಡಿ, ಟ್ರ್ಯಾಕ್ಟರು, ನೀರೆತ್ತುವ ಮೋಟರು ಎಲ್ಲ ಅಂಗಳಕ್ಕೆ ಬರುತ್ತಿದ್ದವು. ಆತ ಮಾತ್ರ ಪ್ರತಿ ವರ್ಷ ಅಂದು ಮಹಡಿಗೆ ಬೀಗ ಜಡಿದು ಎತ್ತಲೋ ಹೋಗಿಬಿಡುತ್ತಿದ್ದ. ಅವನ ತಾಯಿಗೆ ಅದೇ ಕೊರಗು. "ಎಲ್ಲಾರ ಸಾಮಾನ ಪೂಜಿ ಕಾಣತಾವ, ನನ್ನ ಸಣ್ಣ ಮಗಂದು ಮಾತ್ರ ಹಂಗ ಕುಂದರತಾವ" ಎನ್ನುತ್ತಿದ್ದಳು.

ಆ ವರ್ಷ ನವರಾತ್ರಿಯ ಹೊತ್ತಿಗೆ ಆತ ರಾಯಚೂರಿನ ಆಸ್ಪತ್ರೆಯಲ್ಲಿದ್ದ. ಕಾಮಾಲೆ. ಹಳ್ಳಿಯ ಎಲೆಮದ್ದು ಕುಡಿಸಿ, ಅದು ನಾಟದೆ, ಕಣ್ಣು ಅರಿಶಿನದಂತಾದ ಮೇಲೆ ಒಯ್ದಿದ್ದರು. ಉಳಿಯುವುದು ಕಷ್ಟ ಎಂದು ಡಾಕ್ಟರು ಅಣ್ಣಂದಿರನ್ನು ಹೊರಗೆ ಕರೆದು ಹೇಳಿದ್ದರು. ನಾನು ನೋಡಲು ಹೋದಾಗ ಆತ ಕೇಳಿದ್ದು ಒಂದೇ: "ಮ್ಯಾಲಿನ ಖೋಲಿ ಕಿಡಕಿ ಮುಚ್ಯಾರೋ ಇಲ್ಲೋ? ಹೋಗಿ ನೋಡಿ ಬಾರಲೇ. ಥಂಡಿ ಹತ್ತಿದ್ರ ಸ್ಪಂಜು ಕೆಡತಾವ."

ಮರುದಿನ, ಬನ್ನಿ ಹಂಚುವ ದಶಮಿಯ ದಿವಸ, ಸಿಂಧನೂರಿಗೆ ಹೋದೆ. ಕಿಟಕಿ ಮುಚ್ಚಿತ್ತು. ಒಳಗೆ ಹಸಿ ವಾಸನೆ. ಗೊಬ್ಬರದ ಖಾಲಿ ಚೀಲ ಹಾಸಿ ಕೀಬೋರ್ಡುಗಳನ್ನು ಸಾಲಾಗಿ ಇಟ್ಟಿದ್ದರು. ಒಂದೊಂದಕ್ಕೂ ಮೂರು ಬೆರಳಿನ ಇಬತ್ತಿ, ನಡುವೆ ಕುಂಕುಮ. ಕೀಲಿಗಳ ಸಂದಿಯಲ್ಲಿ ಚೆಂಡುಹೂವಿನ ಎಸಳು, ಕಾಯಿನೀರಿನ ಅಂಟು. ಒಂದನ್ನು ಎತ್ತಿದೆ. ತಳದಿಂದ ನೀರು ತೊಟ್ಟಿಕ್ಕಿತು.

ತಾಯಿ ಬಾಗಿಲಲ್ಲಿ ನಿಂತಿದ್ದಳು. "ಸೊಸೀರ ಕೈ ಹಚ್ಚಗೊಟ್ಟಿಲ್ಲಪ್ಪ. ಕೆನಾಲಿನ ನೀರು ತಂದು ಮಡಿಲೆ ನಾನೇ ತಿಕ್ಕಿ ತೊಳದೀನಿ. ಇಷ್ಟ್ ವರ್ಷ ಪೂಜಿ ಕಾಣಲಾರದಕ್ಕ ಇವು ಮುನಿಸ್ಕೊಂಡಾವ. ಇನ್ನ ನನ್ನ ಮಗನ ಬಿಟ್ಟುಬಿಡತಾವ."

ಖಂಡನೆಗೆ ಬೇಕಾದ ಅಂಶಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಎದುರಿಗಿದ್ದವಳ ಅಂಗೈ ತಿಕ್ಕಿ ತಿಕ್ಕಿ ಸುಕ್ಕಿಟ್ಟಿತ್ತು. "ಬನ್ನಿ ತಗೋರಿ ಅಮ್ಮಾ" ಎಂದು ಎಲೆ ಕೊಟ್ಟು ಕಾಲಿಗೆರಗಿ ಬಂದೆ. ನಾಸ್ತಿಕನಾದ ನಾನು!

ಆಸ್ಪತ್ರೆಯಲ್ಲಿ ಸುಳ್ಳು ಹೇಳಲಾಗಲಿಲ್ಲ.

"ತೊಳದಾರ್ರೀ."

"ಎಷ್ಟು?"

"ಎಲ್ಲಾ."

ಆತ ಗೋಡೆಯ ಕಡೆ ಹೊರಳಿದ.

ಆದರೂ ಉಳಿದ. ದೀಪಾವಳಿ ಕಳೆದು ಮನೆಗೆ ಬಂದಾಗ ಅಂಗಿಯೊಳಗೆ ಎಲುಬುಗಳಷ್ಟೇ ಇದ್ದವು. ಆ ರವಿವಾರ ನಾನೂ ಹೋಗಿದ್ದೆ. ಮೆಟ್ಟಿಲೇರಿ, ಉಸಿರು ತಹಬಂದಿಗೆ ಬರುವವರೆಗೆ ಕುಳಿತು, ಒಂದೊಂದನ್ನೇ ಬಿಚ್ಚಿದ. ಸ್ಪಂಜು ಉಬ್ಬಿ, ಅದರಡಿ ಅಂಟಿಸಿದ್ದ ಬೆಳ್ಳಿಹಾಳೆ ಕಿತ್ತುಬಂದಿತ್ತು. ಸ್ಪ್ರಿಂಗಿಗೆ ತುಕ್ಕು. ಇಬತ್ತಿ ನೆನೆದು ಒಣಗಿ ಗಾರೆಯಂತೆ ಕಚ್ಚಿಕೊಂಡಿತ್ತು. ನಾನು ಮಷೀನಿಗೆ ಜೋಡಿಸಿ ಒತ್ತುತ್ತ ಹೋದೆ. ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ. ಒಂದು ಮಾತ್ರ ಎಚ್ಚರಾಯಿತು, ಒತ್ತದ ಅಕ್ಷರವನ್ನು ತಾನಾಗಿಯೇ ಸಾಲುಗಟ್ಟಿ ಮೂಡಿಸತೊಡಗಿತು. ಆತ ಅದರ ವೈರು ಕಿತ್ತ.

ತಾಯಿ ಗಂಜಿ ತಂದಳು. ಬಿಚ್ಚಿ ಹರವಿದ್ದನ್ನು ನೋಡಿ ಅವಳಿಗೆ ತಿಳಿಯಿತು. "ಅವು ಹ್ವಾದ್ವು, ನೀ ಉಳದಿ. ಜೀವಕ್ಕ ಜೀವ ಅದಲಾಬದಲಿ. ಸಾಟಿ ಆತು ಬಿಡಪ್ಪ" ಎಂದಳು.

ನಾನು ಬಾಯಿ ತೆರೆದೆ. ಒಂದಾದ ಮೇಲೆ ಇನ್ನೊಂದು ನಡೆದರೆ ಮೊದಲನೆಯದೇ ಕಾರಣವಾಗುವುದಿಲ್ಲ, ಇದು ತರ್ಕದ ಮೊದಲ ಪಾಠ. ಆತ ಕೈಯೆತ್ತಿ ನನ್ನನ್ನು ತಡೆದ. ತಾಯಿಗೆ, ಮುಖ ನೋಡದೆ, ಹೇಳಿದ:

"ಸಾಟಿ ಮಾಡೋಕಿಂತ ಮೊದಲ ನನ್ನ ಒಂದು ಮಾತು ಕೇಳಬೇಕಿತ್ತು, ಯವ್ವಾ."

"ಕೇಳಿದ್ರ ಏನ್ ಅಂತಿದ್ದಿ?"

ಆತ ಪಿನ್ನು ಹಿಡಿದು ಕೀಲಿಯೊಂದರ ಸಂದಿಯಿಂದ ಇಬತ್ತಿ ಕೆರೆಯುತ್ತಲೇ ಇದ್ದ. ಅವಳು ಉತ್ತರಕ್ಕಾಗಿ ಬಹಳ ಹೊತ್ತು ನಿಂತಳು. ಕೊನೆಗೆ ಗಂಜಿಯ ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಗೋಡೆ ಹಿಡಿದುಕೊಂಡು ಕೆಳಗಿಳಿದು ಹೋದಳು.