ಅವಳು ಬಿತ್ತಿದ್ದ ಪಾತಿ

ಯುದ್ಧ ನಡೆಯುತ್ತಿದ್ದ ಕಾಲ. ಸಂಕ್ರಾಂತಿ ಮುಗಿದ ವಾರ ನನ್ನ ಹೆಂಡತಿ ಜ್ವರದಲ್ಲಿ ತೀರಿಕೊಂಡಳು. ನಮಗೆ ಮಕ್ಕಳಿರಲಿಲ್ಲ. ಬಂದ ನೆಂಟರೆಲ್ಲ ತಮ್ಮ ತಮ್ಮ ಊರಿಗೆ ಹೋದ ಮೇಲೆ ಆದೋನಿಯ ಆ ಮನೆಯಲ್ಲಿ ನಾನೊಬ್ಬನೇ ಉಳಿದೆ.

ನಾನು ಹತ್ತಿ ಸಾಹುಕಾರರೊಬ್ಬರ ಅಂಗಡಿಯಲ್ಲಿ ಗುಮಾಸ್ತ. ಹತ್ತಿಯ ಎಳೆಯನ್ನು ಬೆರಳಲ್ಲಿ ಎಳೆದು ನೋಡಿದರೆ ಯಾವ ಕಡೆಯ ಮಾಲೆಂದು ಹೇಳುತ್ತಿದ್ದೆ. ಹಿತ್ತಲು ಮಾತ್ರ ಅವಳದು. ಅಲ್ಲಿ ಏನು ಬಿತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ.

ಮಾಘದಲ್ಲಿ ಚಳಿ ಸಡಿಲಿತು. ಬೇವಿನ ಹಣ್ಣೆಲೆ ಉದುರತೊಡಗಿತು. ಒಂದು ಬೆಳಿಗ್ಗೆ ಮುಖ ತೊಳೆಯಲು ಹಿತ್ತಲಿಗೆ ಹೋದಾಗ ನೋಡಿದೆ, ಬಚ್ಚಲ ನೀರು ಹರಿಯುವ ಪಾತಿಯ ತುಂಬ ಹಸಿರು. ಯಾವುದು ಅವಳ ಕೈಯದು, ಯಾವುದು ತಾನಾಗಿ ಬಂದದ್ದು, ತಿಳಿಯಲಿಲ್ಲ. ಒಂದನ್ನೂ ಕೀಳಲು ಮನಸ್ಸಾಗದೆ ಎಲ್ಲಕ್ಕೂ ನೀರು ಹೊಯ್ದೆ. ಆಮೇಲೆ ಅದೇ ರೂಢಿಯಾಯಿತು. ಸಂಜೆ ಅಂಗಡಿಯಿಂದ ಬಂದರೆ ಮಾತನಾಡಿಸಲು ಯಾರೂ ಇಲ್ಲ. ಕೊಡ ಹಿಡಿದು ಬಾವಿಗೆ ಹೋಗುತ್ತಿದ್ದೆ.

ಶಿವರಾತ್ರಿಗೆ ಚಿಪ್ಪಗಿರಿಯಿಂದ ತಂಗಿ ಬಂದಳು. ಹಿತ್ತಲ ಬಾಗಿಲಲ್ಲಿ ನಿಂತವಳೇ ನಕ್ಕುಬಿಟ್ಟಳು.

“ಪಿಚ್ಚಿ ಹಿಡದೈತೇನಣ್ಣಾ? ಉತ್ತರಾಣಿಗೆ ಯಾರಾದ್ರೂ ನೀರು ಹಾಕ್ತಾರೇನು? ಇದೆಲ್ಲಾ ಕಸ!”

“ಆಕಿ ಹಾಕಿದ್ದು ಯಾವುದಂತ ನನಗೇನು ಗೊತ್ತವ್ವಾ,” ಎಂದೆ.

ಅವಳ ನಗು ನಿಂತಿತು. ಸೆರಗು ಸಿಕ್ಕಿಸಿಕೊಂಡು ಪಾತಿಯ ಅಂಚಿಗೆ ಕುಳಿತಳು.

“ಬಾ, ತೋರಸ್ತೀನಿ. ಈ ಎಲಿ ಬಾಯಾಗ ಹಾಕ್ಕೋ. ಹುಳಿ ಐತಲ್ಲ? ಪುಂಡಿ. ಇದರ ಎಲಿ ಹಿಂದ ಮುಳ್ಳು ನೋಡು, ಬದನಿ. ಉಳದದ್ದು ಕಿತ್ತುಹಾಕು. ಇಲ್ಲಂದ್ರ ಇವು ಬದುಕಂಗಿಲ್ಲ.”

ಮಧ್ಯಾಹ್ನದವರೆಗೂ ಇಬ್ಬರೂ ಕಿತ್ತೆವು. ಕೊನೆಗೆ ಉಳಿದದ್ದು ಪುಂಡಿಯ ಒಂದು ಸಾಲು, ಮತ್ತೆ ಕೆಲವು ಬದನೆ ಗಿಡ. ಅಷ್ಟೇ ಅವಳದು.

ತಂಗಿ ಊರಿಗೆ ಹೋದ ಸಂಜೆ ಆ ಬೋಳು ಪಾತಿಯ ಮುಂದೆ ನಿಂತಾಗ ಮನೆ ಇನ್ನೊಂದು ಸಲ ಖಾಲಿಯಾಯಿತೇನೋ ಅನ್ನಿಸಿತು. ಕಿತ್ತ ಕಸ ಗೋಡೆಯ ಬದಿಗೆ ಬಾಡುತ್ತ ಬಿದ್ದಿತ್ತು. ಅದರಲ್ಲೂ ಕೆಲವಕ್ಕೆ ಹೂವಿತ್ತು.

ತಂಗಿ ಹೇಳಿದ್ದು ಸರಿಯೇ ಆಗಿತ್ತು. ಜಾಗ ಸಿಕ್ಕಿದ್ದೇ ತಡ, ಬದನೆ ಗಿಡಗಳು ಸೊಕ್ಕಿ ಬೆಳೆದು ನೇರಳೆ ಹೂ ಬಿಟ್ಟವು. ಯುಗಾದಿಗೆ ಮುಂಚೆ ಮೊದಲ ಕಾಯಿಗಳನ್ನು ಕೊಯ್ದು ನಾನೇ ಪಲ್ಯ ಮಾಡಿದೆ. ಉಪ್ಪು ಜಾಸ್ತಿಯಾಯಿತು. ಹಾಗೆಂದು ಹೇಳಲು ಎದುರಿಗೆ ಯಾರೂ ಇರಲಿಲ್ಲ. ರೊಟ್ಟಿಯೊಡನೆ ಅಷ್ಟನ್ನೂ ತಿಂದು ಅಂಗಡಿಗೆ ಹೊರಟೆ.