ಹಿತ್ತಾಳೆ ರೆಕ್ಕೆಯ ಫ್ಯಾನು

ಅಕ್ಕಾ, ನಿಮ್ಮ ಯಜಮಾನರ ಫ್ಯಾನು ಸುಟ್ಟಿರಲಿಲ್ಲ. ಸುಟ್ಟಿದೆ ಎಂದು ನಾನು ಸುಳ್ಳು ಹೇಳಿದೆ. ಅದು ನನಗೆ ಬೇಕಾಗಿತ್ತು — ಅಷ್ಟೇ.

ಹಳೆಯ ಫ್ಯಾನುಗಳ ಹುಚ್ಚು ನನಗೆ ಮೊದಲಿನಿಂದಲೂ ಇದೆ. ಉದಗೀರಿನಲ್ಲಿ ನಮ್ಮದು ಕಾಳುಕಡಿಯ ಅಡತಿ ಅಂಗಡಿ. ಆದರೆ ಮಾಲು ನೋಡಲು ಉಮರ್ಗಾಕ್ಕೆ ಹೋದರೂ ತೊಗರಿ ಚೀಲಕ್ಕಿಂತ ಮೊದಲು ನನ್ನ ಕಣ್ಣು ಗುಜರಿ ಅಂಗಡಿಯ ಮೇಲೆ ಬೀಳುತ್ತಿತ್ತು. ಮನೆಯವರು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ನಿಮ್ಮ ಯಜಮಾನರು ತೀರಿಕೊಂಡ ಮೇಲೆ ಮಾತನಾಡಿಸಲು ನಿಲಂಗಾಕ್ಕೆ ಬಂದಿದ್ದೆ. ಮನೆಯ ಮುಂಭಾಗದಲ್ಲೇ ಇದ್ದ ಅವರ ಬಟ್ಟೆ ಅಂಗಡಿಯಲ್ಲಿ, ಅವರು ಕೂರುತ್ತಿದ್ದ ಗಾದಿಯ ಪಕ್ಕ, ಆ ಮೇಜು ಫ್ಯಾನು ಇತ್ತು. ಹಿತ್ತಾಳೆಯ ನಾಲ್ಕು ರೆಕ್ಕೆ, ಎರಕದ ಕಬ್ಬಿಣದ ಪಾದ, ವೇಗ ಬದಲಿಸಲು ಪಾದದಲ್ಲೇ ಒಂದು ಸಣ್ಣ ಹಿಡಿಕೆ — ನಾನು ಹುಡುಕುತ್ತಿದ್ದದ್ದು ಇದೇ ಎಂದು ದೂರದಿಂದಲೇ ಗೊತ್ತಾಯಿತು. ಸಾವಿನ ಮನೆಯಲ್ಲಿ ನನಗೆ ಬಾಯಲ್ಲಿ ನೀರೂರಿತು. ಹೇಳಲು ನಾಚಿಕೆಯಾಗುತ್ತದೆ.

"ಅವರು ಹೋದ ವಾರದಾಗೇ ಇದೂ ಬಂದ್ ಬಿತ್ರೀ ಅಣ್ಣಾರ. ನಿಮಗ ತಿಳಿತದಲಾ, ಸ್ವಲ್ಪ ನೋಡ್ರಿ," ಎಂದಿರಿ.

ನಮ್ಮಂಥವರು ಹಳೆಯ ಮೋಟಾರನ್ನು ಮೊದಲು ಮೂಸಿ ನೋಡುತ್ತೇವೆ. ಒಳಗಿನ ತಂತಿಯ ಸುರುಳಿ ಸುಟ್ಟಿದ್ದರೆ ಆ ಕಮಟು ವಾಸನೆ ಬೇಗ ಹೋಗುವುದಿಲ್ಲ. ನಾನು ಬಗ್ಗಿ ಮೂಸಿದೆ — ಎಣ್ಣೆ, ಧೂಳು, ಬೇರೇನೂ ಇಲ್ಲ. ಪ್ಲಗ್ಗಿನ ಹತ್ತಿರ ವಾಯರು ಕಡಿದಿತ್ತು. ಅದೂ ಕಣ್ಣಿಗೆ ಬಿತ್ತು. ಆದರೂ ಮೂಗು ಸಿಂಡರಿಸಿ ತಲೆಯಾಡಿಸಿದೆ.

"ಒಳಗ ಸುಟ್ಟದರೀ ಅಕ್ಕಾ. ಇನ್ನ ಇದು ತಿರಗಂಗಿಲ್ಲ."

ನೀವು ಸೆರಗಿನಿಂದ ಅದರ ಧೂಳು ಒರೆಸಿ ನನ್ನ ಕೈಗೇ ಕೊಟ್ಟಿರಿ. "ಮೂಲ್ಯಾಗ ಬಿದ್ದು ಜಂಗ ಹಿಡಿಯೋದಕಿಂತ ನಿಮ್ಮ ಮನ್ಯಾಗ ಚೊಕ್ಕ ಇರ್ತದ. ಒಯ್ರಿ."

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ವಲಾಂಡಿಯಲ್ಲಿ ಬಸ್ಸು ನಿಂತಿತು. ಇಳಿದು ತಿರುಗಿ ನಿಮ್ಮಲ್ಲಿಗೆ ಬರಬಹುದಿತ್ತು — ಇಳಿದೆ ಕೂಡ. ಚಹಾ ಕುಡಿದು ಮತ್ತೆ ಅದೇ ಬಸ್ಸು ಹತ್ತಿದೆ.

ಮುಂದೆ ನಿಮ್ಮ ಮಗಳು ನಮ್ಮ ಮನೆಗೆ ಸೊಸೆಯಾಗಿ ಬಂದಳು. ನಾನು ಇಕ್ಕಟ್ಟಿಗೆ ಸಿಕ್ಕಿದ್ದು ಆಗ. "ನಮ್ಮ ಅಪ್ಪಾಜಿ ಫ್ಯಾನ್ ರೀ," ಎಂದು ಬಂದವರಿಗೆಲ್ಲ ತೋರಿಸುತ್ತಾಳೆ, ಬೇರೆ ಯಾರಿಗೂ ಒರೆಸಲು ಬಿಡುವುದಿಲ್ಲ. ನಿಜ ಹೇಳಿದರೆ ಯಾವ ಮುಖ ಹೊತ್ತು ಅವಳ ಕೈಯ ಊಟಕ್ಕೆ ಕೂರಲಿ? ಹೇಳದಿದ್ದರೆ — ನೀವು ಬರುತ್ತಿದ್ದಿರಿ. ಬಂದಾಗಲೆಲ್ಲ ಅದರ ಮುಂದೆಯೇ ಕೂರುತ್ತಿದ್ದಿರಿ.

"ಬೀಗರ, ಒಮ್ಮೆರ ತಿರಗತದೇನ ನೋಡ್ರಿ. ಎಡಕ್ಕ ಹೊಳ್ಳಿದಾಗೊಮ್ಮೆ ಕಟಕ್ ಅಂತಿತ್ತು. ಅಂಗಡ್ಯಾಗ ಗಿರಾಕಿ ಗದ್ಲ ಇಲ್ದಾಗಷ್ಟೇ ಆ ಸಪ್ಪಳ ಅಡಗಿಮನಿಗಿ ಕೇಳ್ತಿತ್ತು. ಕೇಳಿದ್ ಕೂಡ್ಲೆ ನಾ ಅವರಿಗಿ ಚಹಾ ಇಡ್ತಿದ್ದೆ."

ಆ ಕಟಕ್ ನನಗೂ ಗೊತ್ತು ಅಕ್ಕಾ. ಕಡಿದ ವಾಯರನ್ನು ಫ್ಯಾನು ತಂದ ವಾರವೇ ಜೋಡಿಸಿದ್ದೆ. ಮಧ್ಯಾಹ್ನ ಮನೆಯವರೆಲ್ಲ ಮಲಗಿದಾಗ ಬಾಗಿಲು ಹಾಕಿಕೊಂಡು ಅದನ್ನು ಹಚ್ಚುತ್ತಿದ್ದೆ. ಹೊರಗೆ ಯಾರಾದರೂ ನಡೆದಾಡಿದರೆ ಆರಿಸಿ, ರೆಕ್ಕೆ ನಿಲ್ಲುವ ತನಕ ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ನನ್ನ ಮನೆಯಲ್ಲಿ ನಾನೇ ಕಳ್ಳ. ನಿಮಗೆ ಸಲ್ಲಬೇಕಾದ ಸಪ್ಪಳವನ್ನು ವರ್ಷಗಟ್ಟಲೆ ನಾನೊಬ್ಬನೇ ಕೇಳಿದೆ. ಅಷ್ಟರಲ್ಲಿ ನಿಮ್ಮ ಕಿವಿ ಮಂದವಾಗುತ್ತ ಬಂತು — ನಾನು ನೋಡುತ್ತಲೇ ಇದ್ದೆ.

ಮೊನ್ನೆ ಫ್ಯಾನನ್ನು ನಿಲಂಗಾಕ್ಕೆ ತಂದು ನಿಮ್ಮೆದುರು ಹಚ್ಚಿದೆ. ರೆಕ್ಕೆ ತಿರುಗಿತು, ನಿಮ್ಮ ಸೆರಗು ಹಾರಿತು. ನೀವು ಕಿವಿಯ ಹಿಂದೆ ಕೈಯಿಟ್ಟು ಕಾದಿರಿ. ಅದು ಎಡಕ್ಕೆ ಬಂತು, ಕಟಕ್ ಎಂದಿತು, ಬಲಕ್ಕೆ ಹೊರಳಿತು. ನೀವು ಇನ್ನೂ ಕಾಯುತ್ತಲೇ ಇದ್ದಿರಿ.

"ಆ ಸಪ್ಪಳ ಹೋಗ್ಯದೇನ್ರೀ?"

ನಾನು ಅಲ್ಲೇ ಎಲ್ಲ ಹೇಳಿಬಿಟ್ಟೆ — ಸುಟ್ಟಿರಲಿಲ್ಲ, ಸುಳ್ಳು ಹೇಳಿದ್ದೆ ಎಂದು, ಜೋರಾಗಿಯೇ. ನಿಮಗೆ ಅದೂ ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡು, "ಎಷ್ಟ್ ತ್ರಾಸ ತಗೊಂಡು ರಿಪೇರಿ ಮಾಡೀರಿ ಬೀಗರ. ಶಿವ ನಿಮಗ ಚೊಲೋ ಮಾಡ್ಲಿ," ಎಂದಿರಿ. ಈಗ ಬಂಧುಬಳಗದಲ್ಲೆಲ್ಲ ನನ್ನ ಹೊಗಳಿಕೆ ನಡೆದಿದೆ. ಸೊಸೆ ಹೋಳಿಗೆ ಮಾಡಿ ಬಡಿಸಿದಳು. ಬಡಿಸಿದ್ದನ್ನೆಲ್ಲ ತಿಂದೆ.

ನಿಮ್ಮ ಕಣ್ಣು ಇನ್ನೂ ಚೆನ್ನಾಗಿದೆ. ನಮ್ಮದು ಮರಾಠಿ ಶಾಲೆಗಳ ಸೀಮೆಯಾದರೂ, ಮಠದಲ್ಲಿ ಕಲಿತ ಕನ್ನಡದಲ್ಲಿ ದಿನಾ ವಚನ ಓದುತ್ತೀರಿ. ಅದಕ್ಕೇ ಇದನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಸೊಸೆಗೆ ಮೊದಲೇ ಓದಲು ಕೊಟ್ಟೆ. ಅವಳು ಓದಿ, ಮಡಚಿ ನನ್ನ ಕೈಗೇ ಕೊಟ್ಟಳು. ಅಂದಿನಿಂದ ನನ್ನನ್ನು ಮಾವಾ ಎಂದು ಕರೆದಿಲ್ಲ.

ಇದನ್ನು ನಿಮ್ಮ ಕೈಗೆ ಕೊಟ್ಟು ನಾನು ಎದುರಿಗೇ ಕೂತಿರುತ್ತೇನೆ ಅಕ್ಕಾ. ಪೂರ್ತಿ ಓದಿ. ಓದಿ ಮುಗಿಸಿ ತಲೆ ಎತ್ತಿ ನನ್ನನ್ನು ನೋಡಿ — ನಾನು ಎದ್ದು ಹೋಗುವುದಿಲ್ಲ.