ಬಳ್ಳಾರಿಯ ಜಳ ಎಂದುಕೊಂಡದ್ದು

ಈಜುಕೊಳಕ್ಕೆ ಹಾರಿದೆ, ನೀರು ಬಿಸಿ ಇತ್ತು. ಬೆಚ್ಚಗೆ ಅಲ್ಲ ಮಾರಾಯ್ರೆ, ಬಿಸಿ. ಮೀಯಲು ಹಂಡೆಯಿಂದ ತೋಡಿಟ್ಟ ನೀರಿನ ಹಾಗೆ. ಏಪ್ರಿಲ್ ತಿಂಗಳ ಸಂಜೆ ಆರೂವರೆ, ನಾನು ಬಳ್ಳಾರಿಗೆ ಬಂದು ಹನ್ನೊಂದನೇ ದಿನ. ಎರಡು ಸಲ ಆಚೆ ಈಚೆ ಹೋಗುವಷ್ಟರಲ್ಲಿ ಮುಖಕ್ಕೆ ಬೆಂಕಿ ಹೊತ್ತಿದಂತಾಗಿ, ಉಸಿರು ಕಟ್ಟಿ, ಏಣಿ ಹಿಡಿದು ಮೇಲೆ ಬಂದೆ. ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಹೆಂಗಸೊಬ್ಬಳು, ಮೈ ತುಂಬ ಕಪ್ಪು ಈಜುಡುಗೆ ತೊಟ್ಟವಳು, ನನ್ನ ಅವಸ್ಥೆ ನೋಡಿ ನಕ್ಕಳು. ಬಳ್ಳಾರಿಗೆ ಹೊಸಬರೇನ್ರಿ ಎಂದು ಕೇಳಿದಳು. ಕುಂದಾಪುರದವಳು ಎಂದೆ. ಸಮುದ್ರ ಬಿಟ್ಟು ಇಲ್ಲಿಗೆ ಯಾಕೆ ಬಂದಿರಿ ಎಂದು ಅವಳಿಗೆ ಆಶ್ಚರ್ಯವೋ ಆಶ್ಚರ್ಯ.

ಬಂದದ್ದು ಬ್ಯಾಂಕಿನ ಬಡ್ತಿಗಾಗಿ. ನಲವತ್ತೊಂಬತ್ತನೇ ವಯಸ್ಸಿಗೆ ಕೊನೆಗೂ ಮ್ಯಾನೇಜರ್ ಎಂದು ಮಾಡಿದರು, ಮಾಡಿದ್ದು ಕುರುಗೋಡು ಶಾಖೆಗೆ. ಗಂಡನಿಗೆ ಅಂಗಡಿ, ಅತ್ತೆಗೆ ಊರು, ಇಬ್ಬರೂ ಅಲ್ಲಿಂದ ಕದಲುವವರಲ್ಲ. ಹಾಗಾಗಿ ನಾನೊಬ್ಬಳೇ ಬಂದು ಪಾರ್ವತಿನಗರದಲ್ಲಿ ಮಹಡಿ ಮೇಲಿನ ಎರಡು ಕೋಣೆ ಹಿಡಿದೆ. ಬೆಳಿಗ್ಗೆ ಬಸ್ಸು ಹತ್ತಿ ಕುರುಗೋಡು, ಸಂಜೆ ವಾಪಸ್ ಬಳ್ಳಾರಿ. ಮೇಲಿನ ಮಾಳಿಗೆ ಹಗಲೆಲ್ಲ ಕಾದು, ರಾತ್ರಿಯಿಡೀ ಅದನ್ನು ನನ್ನ ಮೇಲೆ ತೀರಿಸಿಕೊಳ್ಳುತ್ತಿತ್ತು. ನಮ್ಮಲ್ಲಿ ಬಾವಿಗೆ ಕೊಡಪಾನ ಇಳಿಸಿದರೆ ಮುಗಿಯಿತು. ಇಲ್ಲಿ ಕೆಳಗಿನ ಮನೆಯ ಓನರಮ್ಮ ವಾರಕ್ಕೊಮ್ಮೆ ನೀರು ಬಂತೆಂದು ಬೊಬ್ಬೆ ಹಾಕಿ ಕರೆದಾಗ ಎದ್ದುಬಿದ್ದು ಇಳಿದು ನಳಕ್ಕೆ ಪೈಪು ಸಿಕ್ಕಿಸಬೇಕು. ಕುಡಿಯುವ ನೀರಿಗೇ ಇಷ್ಟು ತತ್ವಾರ ಇರುವ ಊರಲ್ಲಿ ಈಜುತ್ತೇನೆ ಎಂದು ಹೊರಟವಳನ್ನು ನೋಡಿ ಓನರಮ್ಮನಿಗೆ ನಗು ತಡೆಯಲಿಲ್ಲ.

ಭಾಷೆಯೂ ನನ್ನನ್ನು ಕಾಡಿತು. ಕನ್ನಡವೇ ಹೌದು, ಆದರೆ ಈಜುವುದಕ್ಕೆ ಇವರು ಈಸುವುದು ಎನ್ನುತ್ತಾರೆ. ನಾನು ಸೆಕೆ ಎಂದರೆ ಇವರು ಜಳ ಎನ್ನುತ್ತಾರೆ. ಎರಡೂ ಒಂದೇ ಎಂದು ಮೊದಲು ತಿಳಿದಿದ್ದೆ, ಅಲ್ಲ. ಸೆಕೆ ಮೈಗೆ ಅಂಟುತ್ತದೆ, ಬೆವರು ಇಳಿಯುತ್ತದೆ. ಜಳ ಒಣಗಿದ್ದು, ಒಲೆಯ ಬಾಯಿಗೆ ಮುಖ ಕೊಟ್ಟ ಹಾಗೆ ಹೊಡೆಯುತ್ತದೆ, ಬೆವರು ಬಂದದ್ದು ತಿಳಿಯುವ ಮೊದಲೇ ಆರಿಹೋಗಿರುತ್ತದೆ. ಈ ವ್ಯತ್ಯಾಸವನ್ನು ಆಗಲೇ ಸರಿಯಾಗಿ ಗಮನಿಸಿದ್ದರೆ ನನ್ನ ಒಂಬತ್ತು ತಿಂಗಳು ಹಾಳಾಗುತ್ತಿರಲಿಲ್ಲ. ಊರೆಲ್ಲ ಒಣಗುತ್ತಿದ್ದಾಗ ನಾನೊಬ್ಬಳು ರವಿಕೆ ಹಿಂಡುವಷ್ಟು ಬೆವರುತ್ತಿದ್ದೆ.

ನಾನು ಈಜುವುದು ಮೋಜಿಗಲ್ಲ ಎಂದು ಇದನ್ನು ಓದುತ್ತಿರುವ ನಮ್ಮ ಊರಿನ ನಿಮಗೆ ಗೊತ್ತು. ದೊಡ್ಡವರಿಗೆ ವಯಸ್ಸಿನ ಪ್ರಕಾರ ಗುಂಪು ಮಾಡಿ ನಡೆಸುವ ರಾಜ್ಯಮಟ್ಟದ ಸ್ಪರ್ಧೆಗೆ ನನ್ನ ಗೆಳತಿ ವಾಸಂತಿ ಮತ್ತು ನಾನು ಕುಂದಾಪುರದಿಂದ ಹತ್ತು ವರ್ಷ ಜೊತೆಯಾಗಿ ಹೋಗಿದ್ದೇವೆ. ಇನ್ನೂರು ಮೀಟರ್ ಫ್ರೀಸ್ಟೈಲ್ ನನ್ನದು. ನಲವತ್ತಾರನೇ ವಯಸ್ಸಿನಲ್ಲಿ ಮೂರು ನಿಮಿಷ ಮೂವತ್ತೆರಡು ಸೆಕೆಂಡಿಗೆ ಮುಟ್ಟಿದ್ದೆ. ಬಳ್ಳಾರಿಗೆ ಬಂದ ಎರಡು ತಿಂಗಳಿಗೆ ಅದು ಮೂರು ಐವತ್ತೆಂಟಕ್ಕೆ ಹೋಗಿ ನಿಂತಿತು. ಗಡಿಯಾರ ಕೆಟ್ಟಿರಬೇಕು ಎಂದು ಬೇರೆ ಗಡಿಯಾರ ತಂದೆ. ಅದೂ ಹಾಗೇ ಹೇಳಿತು.

ನನಗೆ ಸಿಟ್ಟು ಬಂದರೆ ಮಾಡುವ ಕೆಲಸ ಒಂದೇ, ದುಪ್ಪಟ್ಟು ದುಡಿಯುವುದು. ವಾರಕ್ಕೆ ನಾಲ್ಕು ದಿನ ಈಜುತ್ತಿದ್ದವಳು ಆರು ದಿನ ಈಜಿದೆ. ಬಲಭುಜ ಹಿಡಿದುಕೊಂಡಿತು. ನಿದ್ದೆ ಮೂರು ತುಂಡಾಯಿತು. ಹೋದ ವಾರದ ಆಯಾಸ ಈ ವಾರಕ್ಕೂ ಉಳಿಯಿತು. ಮುಟ್ಟು ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಬಂತು, ಬಸ್ಸಿನ ಕುಲುಕಾಟ ಎಂದುಕೊಂಡೆ. ಯಾರನ್ನು ಕೇಳಿದರೂ ಮೊದಲ ಬೇಸಿಗೆಯಲ್ಲವಾ, ಬಳ್ಳಾರಿ ಬಿಸಿಲು ಎಲ್ಲರಿಗೂ ಹೀಗೇ ಎನ್ನುತ್ತಿದ್ದರು. ನಾನೂ ಹಾಯಾಗಿ ಊರಿಗೆ ಬಯ್ದೆ. ಫೋನಿನಲ್ಲಿ ವಾಸಂತಿಯ ಹತ್ತಿರ, ಮುಂದಿನ ಸ್ಪರ್ಧೆಯಲ್ಲಿ ಮೂರು ನಲವತ್ತೈದರ ಒಳಗೆ ಬಾರದಿದ್ದರೆ ಈಜುವುದನ್ನೇ ಬಿಟ್ಟುಬಿಡುತ್ತೇನೆ ಎಂದು ಶಪಥ ಮಾಡಿದೆ. ಬಿಡುವುದೇ ಒಳ್ಳೆಯದು, ನಾನು ಮೊಣಕಾಲು ನೋವೆಂದು ಹೋದ ವರ್ಷ ಬಿಡಲಿಲ್ಲವಾ ಎಂದಳು ಅವಳು. ಅವಳ ದನಿ ಸಣ್ಣಗಿತ್ತು. ನಾನು ಮತ್ತೆ ನನ್ನ ಸೆಕೆಂಡುಗಳ ಪುರಾಣಕ್ಕೇ ಹೋದೆ.

ಜನವರಿ ಬಂತು. ಬಳ್ಳಾರಿಯಲ್ಲೂ ಚಳಿ ಇದೆ ಮಾರಾಯ್ರೆ, ನಂಬಿ. ಬೆಳಗಿನ ಬಸ್ಸಿನಲ್ಲಿ ಎಲ್ಲರೂ ಕಿವಿಗೆ ಮಫ್ಲರ್ ಸುತ್ತಿ ಕೂತಿರುತ್ತಾರೆ. ಅಂಥ ಒಂದು ಬೆಳಿಗ್ಗೆ ಶಾಖೆಯಲ್ಲಿ ನಾನು ಫ್ಯಾನು ಹಾಕಿದೆ. ಕ್ಯಾಷಿಯರ್ ಸ್ವೆಟರಿನೊಳಗಿಂದ ಕೈಮುಗಿದು ಆರಿಸಿ ಎಂದು ಬೇಡಿಕೊಂಡರು. ಹೊಟ್ಟೆಯಿಂದ ಎದ್ದ ಕಾವು ಎದೆ, ಕತ್ತು, ಕಿವಿ ಎಂದು ಏರುತ್ತಿತ್ತು, ಪಾಸ್‌ಬುಕ್ಕಿನ ಮೇಲೆ ನನ್ನ ಬೆವರ ಹನಿ ಬಿತ್ತು. ಬಾದನಹಟ್ಟಿಯಿಂದ ಬಂದು ಶಾಖೆ ಗುಡಿಸಿ ಒರೆಸುವ ಈರಮ್ಮ, ಅರವತ್ತರ ಹೆಂಗಸು, ಒಂದು ಲೋಟ ನೀರು ತಂದು ಮೇಜಿನ ಮೇಲಿಟ್ಟಳು. ಕ್ಯಾಷಿಯರ್ ಆಚೆ ಹೋಗುವ ತನಕ ಕಾದಳು.

"ಮೇಡಮ್ಮಾರ, ಸುಮ್ನ ನಮ್ಮೂರ ಬಿಸಲಿಗಿ ಹೆಸರಿಡ್ತೀರಿ. ಇದು ಹೊರಗಿನ ಜಳ ಅಲ್ರಿ, ಒಳಗಿಂದು. ನಿಮಗ ಮುಟ್ಟು ನಿಲ್ಲಾಕತ್ತೈತಿ."

ಇಷ್ಟು ಸಲೀಸಾಗಿ ಆ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ. ನಮ್ಮಲ್ಲಿ ಅಮ್ಮ, ಅತ್ತೆ, ಚಿಕ್ಕಮ್ಮ ಎಲ್ಲರೂ ಈ ದಾರಿ ದಾಟಿದವರೇ, ಆದರೆ ಒಬ್ಬರೂ ಬಾಯಿ ಬಿಟ್ಟವರಲ್ಲ. ಯಾರೋ ಸುಮ್ಮನೆ ರೇಗುತ್ತಾರೆ, ಯಾರೋ ಹೊರಜಗಲಿಯಲ್ಲಿ ಮಲಗುತ್ತಾರೆ, ಅಷ್ಟೇ ನಮಗೆ ಗೊತ್ತಿದ್ದದ್ದು. ಒಂದು ಕ್ಷಣ ನಾಚಿಕೆ ಆಯಿತು, ಆಮೇಲೆ ನಗು ಬಂತು. ಒಂಬತ್ತು ತಿಂಗಳು ಒಂದು ಇಡೀ ಜಿಲ್ಲೆಯನ್ನು ಬಯ್ದಿದ್ದೇನಲ್ಲ, ನನ್ನ ಬುದ್ಧಿಗಿಷ್ಟು.

ಬಳ್ಳಾರಿಯಲ್ಲಿ ಒಬ್ಬ ಡಾಕ್ಟರಮ್ಮನನ್ನು ಕಂಡೆ. ಅವರು ಮೊದಲು ಥೈರಾಯ್ಡು, ರಕ್ತ ಎಲ್ಲ ಪರೀಕ್ಷೆ ಮಾಡಿಸಿದರು. ಈರಮ್ಮ ಹೇಳಿದ್ದೇ ಸರಿ ಎಂದರು. ಹಾರ್ಮೋನು ಇಳಿಯುವಾಗ ಮೈಯ ಕಾವು ಹಿಡಿತ ತಪ್ಪುತ್ತದೆ, ಸ್ನಾಯು ಬೇಗ ಸೊರಗುತ್ತದೆ, ದಣಿದ ಮೈ ಸುಧಾರಿಸಲು ಹೆಚ್ಚು ದಿನ ಕೇಳುತ್ತದೆ ಎಂದು ಬಿಡಿಸಿ ಹೇಳಿದರು. ಆರು ದಿನ ಈಜಿದ್ದಕ್ಕೆ ಚೆನ್ನಾಗಿ ಬಯ್ದು, ಮೂರು ದಿನ ಸಾಕು ಎಂದರು. ನೀರು ಮೈಭಾರವನ್ನು ತಾನೇ ಹೊತ್ತುಕೊಳ್ಳುತ್ತದೆ, ಹಾಗಾಗಿ ಬರೀ ಈಜು ಮೂಳೆಗೆ ಸಾಲದು, ವಾರಕ್ಕೆ ಎರಡು ದಿನ ಭಾರ ಎತ್ತಬೇಕು, ಬೇಳೆ ಮೊಟ್ಟೆ ಮೀನು ಹೆಚ್ಚು ತಿನ್ನಬೇಕು, ಬಿಸಿ ನೀರಿಗೆ ಇಳಿಯಬಾರದು ಎಂದರು. ತೀರಾ ತಡೆಯದಿದ್ದರೆ ಔಷಧಿಯೂ ಇದೆ, ಅದನ್ನು ಆಮೇಲೆ ನೋಡೋಣ ಎಂದರು. ನಾನು ಕೇಳಿದ್ದು ಒಂದೇ, ಮತ್ತೆ ಸ್ಪರ್ಧೆಯಲ್ಲಿ ಈಜಬಹುದಾ ಎಂದು. ಈಜಬೇಡ ಎಂದು ನಾನೆಲ್ಲಿ ಹೇಳಿದೆ ಎಂದು ಅವರು ಮುಂದಿನವರನ್ನು ಕರೆದರು.

ಭಾರ ಎತ್ತಿಸುವ ಕೆಲಸವನ್ನು ಶಂಶಾದಕ್ಕ ವಹಿಸಿಕೊಂಡಳು. ಮೊದಲ ದಿನ ದಂಡೆಯಲ್ಲಿ ಕೂತು ನಕ್ಕವಳು ಇವಳೇ. ನನಗಿಂತ ನಾಲ್ಕು ವರ್ಷ ದೊಡ್ಡವಳು, ಸಿರುಗುಪ್ಪದವಳು, ಹುಡುಗಿಯಾಗಿದ್ದಾಗ ಕಾಲುವೆಯಲ್ಲಿ ಅಣ್ಣಂದಿರ ಜೊತೆ ಈಸಲು ಕಲಿತವಳು. ಮದುವೆಯಾಗಿ ಬಳ್ಳಾರಿಗೆ ಬಂದು ಈಗ ಜೀನ್ಸ್ ಹೊಲಿಯುವ ಒಂದು ಘಟಕ ನಡೆಸುತ್ತಾಳೆ. ತನಗೆ ನಿಂತು ಮೂರು ವರ್ಷವಾಯಿತು, ಅದಕ್ಕೇನು ಫಿಕರ್ ಎಂದಳು. ಅವಳ ಅಣ್ಣನಿಗೆ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ. ಅಲ್ಲಿಂದ ಐದು ಕೆಜಿ, ಹತ್ತು ಕೆಜಿಯ ಸೋನಾ ಮಸೂರಿ ಚೀಲ ತರಿಸಿ ತನ್ನ ಮನೆಯ ನಡುಮನೆಯಲ್ಲಿ ಸಾಲಾಗಿ ಇಡಿಸಿದಳು. ಕುಚ್ಚಲಕ್ಕಿ ತಿಂದು ಬೆಳೆದ ನಾನು ಈ ಬಿಳಿ ಬೆಳ್ತಿಗೆ ಅಕ್ಕಿಯದು ಅನ್ನವೇ ಅಲ್ಲ ಎಂದು ಮೂಗು ಮುರಿಯುತ್ತಿದ್ದೆ. ಈಗ ಅದನ್ನು ಎದೆಗೆ ಅವಚಿಕೊಂಡು ಕೂತು ಏಳುವುದಾಯಿತು. ನಾಲ್ಕೇ ವಾರಕ್ಕೆ ಬಸ್ಸಿನ ಮೆಟ್ಟಿಲು ಹತ್ತುವಾಗ ತೊಡೆಗೆ ತ್ರಾಣ ಬಂದದ್ದು ತಿಳಿಯಿತು. ಇದನ್ನೂ ಗೆಲುವು ಎಂದೇ ಲೆಕ್ಕ ಹಾಕಿದೆ.

ಉಳಿದದ್ದು ನೀರು. ಹೆಂಗಸರ ಬ್ಯಾಚು ಸಂಜೆ ಆರೂವರೆಗೆ, ಇಡೀ ಹಗಲು ಕಾದ ನೀರು ನಮ್ಮ ಪಾಲಿಗೆ. ಬೆಳಗಿನ ಆರು ಗಂಟೆಯ ತಣ್ಣನೆ ನೀರು ಗಂಡಸರದು. ಮಾರ್ಚಿನಲ್ಲಿ ನಾವಿಬ್ಬರೂ ಈಜುಕೊಳ ನೋಡಿಕೊಳ್ಳುವ ಯಜಮಾನರ ಮುಂದೆ ಹೋಗಿ ನಿಂತೆವು. ಪಕ್ಕದಲ್ಲಿ ಇನ್ನಿಬ್ಬರು ಗಂಡಸರು ಚಾ ಕುಡಿಯುತ್ತಿದ್ದರು. ಬೆಳಿಗ್ಗೆ ಹೆಂಗಸರಿಗೆ ಅಡುಗೆ ಕೆಲಸ ಇರುತ್ತದೆ, ಯಾರು ಬರುತ್ತಾರೆ ಎಂದರು ಯಜಮಾನರು. ಶಂಶಾದಕ್ಕ ಒಂಬತ್ತು ಹೆಸರು ಹೇಳಿದಳು. ಅಷ್ಟಕ್ಕೂ ತಣ್ಣನೆ ನೀರೇ ಯಾಕೆ ಬೇಕು ಎಂದು ಅವರು ನನ್ನನ್ನೇ ಕೇಳಿದರು. ನನ್ನ ಕನ್ನಡದಲ್ಲಿ ಆ ಮಾತಿಗೆ ಬಾಯಿ ಬರಲಿಲ್ಲ. ಬಂದದ್ದು ಈರಮ್ಮನ ಕನ್ನಡ.

"ಸರ, ನಮಗ ಮುಟ್ಟು ನಿಲ್ಲೋ ವಯಸ್ಸು. ಮೈಯಾಗ ಜಳ ಏಳತೈತಿ. ಬಿಸಿ ನೀರಾಗ ಈಸಾಕ ಆಗಂಗಿಲ್ಲ."

ಚಾ ಕುಡಿಯುತ್ತಿದ್ದವರಲ್ಲಿ ಒಬ್ಬರು ಲೋಟದೊಳಗೇ ಮುಖ ಇಟ್ಟರು. ಯಜಮಾನರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿದರು. ನಮ್ಮ ಮನೆಯಾಕೆಗೂ ಹೀಗೇ ಆಗುತ್ತಿದೆಯೇನೋ, ಬಿಸಿಲೆಂದುಕೊಂಡಿದ್ದೆ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ವಾರಕ್ಕೆ ಮೂರು ಬೆಳಿಗ್ಗೆ ನಮಗೆ ಸಿಕ್ಕಿತು. ಆರೂ ದಿನ ಕೇಳಬೇಕಿತ್ತು ಎಂದು ಹೊರಗೆ ಬಂದ ಮೇಲೆ ಶಂಶಾದಕ್ಕ ಗೊಣಗಿದಳು. ಮೂರೇ ಸಾಕು, ಡಾಕ್ಟರಮ್ಮನ ಲೆಕ್ಕವೂ ಅಷ್ಟೇ ಎಂದೆ.

ದೀಪಾವಳಿ ಕಳೆದು ಸ್ಪರ್ಧೆ ಬಂತು, ಬಂದದ್ದೂ ಮಂಗಳೂರಿಗೆ. ಅರ್ಜಿಯಲ್ಲಿ ಜಿಲ್ಲೆ ಎಂಬಲ್ಲಿ ಬಳ್ಳಾರಿ ಎಂದು ಬರೆದಿದ್ದೆ, ಮನೆ ಇರುವುದು ಅಲ್ಲಿ ತಾನೆ. ಆದರೆ ಮೈಕಿನಲ್ಲಿ ನನ್ನ ಹೆಸರಿನ ಹಿಂದೆ ಬಳ್ಳಾರಿ ಎಂದು ಕೂಗಿದಾಗ ಕುಂದಾಪುರದವರು ಕೂತಿದ್ದ ಕಡೆ ಗುಸುಗುಸು ಎದ್ದಿತು. ಅಲ್ಲಿ ನಡುವೆ ವಾಸಂತಿ ಇದ್ದಳು, ಸೀರೆಯುಟ್ಟು, ಚೀಲ ಮಡಿಲಲ್ಲಿಟ್ಟುಕೊಂಡು. ಅವಳು ಚಪ್ಪಾಳೆ ತಟ್ಟಿದ್ದನ್ನು ನೋಡಿದೆ. ಹಾರಿದೆ. ಮೊದಲ ನೂರು ಮೀಟರ್ ಬೇಕೆಂದೇ ನಿಧಾನ ಹೋದೆ. ಮೊದಲಿನ ಹಾಗೆ ಮುನ್ನುಗ್ಗಿದರೆ ಒಳಗಿನ ಕಾವು ಏಳುತ್ತದೆ, ಎದ್ದರೆ ಮುಗಿಯಿತು ಎಂದು ಈಗ ಗೊತ್ತಿತ್ತು. ಮೂರನೇ ಐವತ್ತಕ್ಕೆ ಕಾಲು ಬಡಿದೆ. ಸೋನಾ ಮಸೂರಿ ಕೈ ಬಿಡಲಿಲ್ಲ. ಗೋಡೆ ಮುಟ್ಟಿ ತಲೆ ಎತ್ತಿದರೆ ಮೂರು ನಿಮಿಷ ನಲವತ್ತೇಳು. ನಾಲ್ಕನೇ ಸ್ಥಾನ. ಶಪಥಕ್ಕೆ ಎರಡು ಸೆಕೆಂಡು ಹೆಚ್ಚಾಗಿತ್ತು.

ನೀರಲ್ಲೇ ಇದ್ದು ಅತ್ತೆ. ಮುಖ ಒದ್ದೆಯೇ ಇದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ, ಬಳ್ಳಾರಿಯಿಂದ ಜೊತೆಗೆ ಬಂದಿದ್ದ ಶಂಶಾದಕ್ಕನನ್ನು ಬಿಟ್ಟು. ಅವಳು ಕೈ ಕೊಟ್ಟು ಮೇಲೆಳೆದು ಹೆಗಲಿಗೆ ಟವಲು ಹೊದಿಸಿದಳು.

"ಹಳೇ ಟೈಮು ಹಳೇ ಮೈಯಿಂದು, ಸುಮಿತ್ರಾ. ಈ ಮೈಗಿ ಇದು ಮೊದಲ್ನೇ ಟೈಮು. ಬರ್ಕೋ."

ಬಟ್ಟೆ ಬದಲಿಸುವ ಕೋಣೆಗೆ ವಾಸಂತಿ ಬಂದಳು. ಬಾಗಿಲು ಹಾಕಿ, ನನ್ನ ಪಕ್ಕ ಕೂತಳು. "ಹಂಗಾರೆ ಇನ್ ನಿಲ್ಸ್ತ್ಯಾ?" ಎಂದು ಕೇಳಿದಳು. ಶಪಥ ಅವಳಿಗೆ ನೆನಪಿತ್ತು. ಬಳ್ಳಾರಿಯ ಕನ್ನಡದಲ್ಲಿ ಮೂವರು ಗಂಡಸರ ಎದುರು ಹೇಳಿದ ಮಾತನ್ನು ನನ್ನ ಊರಿನ ಭಾಷೆಯಲ್ಲಿ, ನನ್ನ ಗೆಳತಿಗೆ ಹೇಳಲು ಎಷ್ಟು ಹೊತ್ತು ಬೇಕಾಯಿತು ಗೊತ್ತಾ? ಎರಡೂ ಕಾಲು ತೊಳೆದು, ಒರೆಸಿ, ಚಪ್ಪಲಿ ಹಾಕಿದ ಮೇಲೆ ಬಾಯಿ ಬಂತು.

"ಇಲ್ಲ ಮಾರಾಯ್ತಿ. ನಂಗೆ ಮುಟ್ ನಿಲ್ತಾ ಇತ್ತ್. ಅದ್ಕೇ ಹಿಂಗಾದ್."

ವಾಸಂತಿ ಚೀಲದ ಹಿಡಿಕೆಯನ್ನು ತಿರುಚುತ್ತಾ ಕೂತಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು, "ನಂದೂ ಮೊಣಕಾಲ್ ನೋವಲ್ಲ ಅದ್."

ಆ ಮೇಲೆ ನಾವು ಮಾತಾಡಿದ್ದನ್ನೆಲ್ಲ ಬರೆಯುವುದಿಲ್ಲ. ಎರಡು ವರ್ಷ ಅವಳು ಒಬ್ಬಳೇ ಅನುಭವಿಸಿದ್ದಾಳೆ, ನಾನು ಅವಳ ದನಿ ಕೇಳಿಯೂ ಕೇಳದವಳಂತೆ ಇದ್ದೆ, ಅದಕ್ಕೆ ಕ್ಷಮೆ ಕೇಳಿದೆ. ಡಾಕ್ಟರಮ್ಮ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ನಮ್ಮ ಊರಲ್ಲಿ ಇವಳ ಹಾಗೆ ಮೊಣಕಾಲು, ಬೆನ್ನು, ಬಿಡುವಿಲ್ಲ ಎಂದು ಹೇಳಿ ನೀರು ಬಿಟ್ಟವರು ಇನ್ನೆಷ್ಟು ಜನರೋ. ಅವರಿಗಾಗಿಯೇ ಇದನ್ನು ಇಷ್ಟು ಉದ್ದ ಬರೆದೆ.

ವಾಸಂತಿ ಈಗ ಮತ್ತೆ ನೀರಿಗೆ ಇಳಿದಿದ್ದಾಳೆ. ಮುಂದಿನ ವರ್ಷದ ರಿಲೇಗೆ ನಾಲ್ಕು ಹೆಂಗಸರು ಬೇಕು, ಬಳ್ಳಾರಿಯಲ್ಲಿ ನಿನ್ನ ಮೂರು ವರ್ಷದ ಅವಧಿ ಅಷ್ಟರಲ್ಲಿ ಮುಗಿಯುತ್ತಾ ಬರುತ್ತದಲ್ಲ, ವರ್ಗ ಕೇಳಿಕೊಂಡು ಬಂದು ಕುಂದಾಪುರದ ತಂಡಕ್ಕೆ ಈಜುತ್ತೀಯಾ ಎಂದು ಕೇಳಿದ್ದಾಳೆ. ಮನೆಯವರಿಗೂ ಅದೇ ಆಸೆ, ನನಗೂ ಒಮ್ಮೊಮ್ಮೆ ಊರಿನ ನೆನಪಾದರೆ ಅನ್ನ ಇಳಿಯುವುದಿಲ್ಲ. ಅತ್ತ ಶಂಶಾದಕ್ಕನಿಗೂ ರಿಲೇ ತಂಡ ಬೇಕು. ಅವಳು ಬಳ್ಳಾರಿಯ ಪಟ್ಟಿ ಮಾಡಿ ಕೊಟ್ಟೂ ಆಗಿದೆ. ಅದರಲ್ಲಿ ಮೂರನೆಯ ಹೆಸರು ನನ್ನದು, ನನ್ನನ್ನು ಒಂದು ಮಾತೂ ಕೇಳದೆ ಬರೆದದ್ದು.